ಸಣ್ಣ ಗೇರು

ಆಲ್ ವೀಲ್ ಡ್ರೈವ್‌ಗೂ ಫೋರ್ ವೀಲ್ ಡ್ರೈವ್‌ಗೂ ಏನು ವ್ಯತ್ಯಾಸ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾಗವೇಣಿ ಹೇಳಬಲ್ಲಳು. ಥಾಣೆಯ ಘೋಡಬಂದರ್ ರಸ್ತೆಯ ಕಾರು ಶೋರೂಮಿನಲ್ಲಿ ಹನ್ನೊಂದು ವರ್ಷ ನಿಂತುಕೊಂಡೇ ಕೆಲಸ ಮಾಡಿದವಳು ಅವಳು. ಎರಡರಲ್ಲೂ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗಬಲ್ಲದು, ಅಲ್ಲಿಯವರೆಗೆ ಒಂದೇ. ಅವಳು ಮಾರುತ್ತಿದ್ದ ಆಲ್ ವೀಲ್ ಗಾಡಿಯಲ್ಲಿ ದಿನವೂ ದುಡಿಯುವುದು ಮುಂದಿನ ಎರಡು ಚಕ್ರಗಳು ಮಾತ್ರ. ಅವು ಜಾರಿದರೆ ಗಾಡಿಯೇ ತಿಳಿದುಕೊಂಡು ಹಿಂದಿನವಕ್ಕೂ ಸ್ವಲ್ಪ ಬಲ ಕಳಿಸುತ್ತದೆ. ಒದ್ದೆ ಹೆದ್ದಾರಿಗೆ, ಜಲ್ಲಿ ಚೆಲ್ಲಿದ ತಿರುವಿಗೆ ಅದು ಧಾರಾಳ ಸಾಕು. ಫೋರ್ ವೀಲ್ ಗಾಡಿಯ ರೀತಿ ಬೇರೆ. ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್. ಈಚಿನವುಗಳಲ್ಲಿ ಕೆಲವಕ್ಕೆ ತಿರುಗಿಸುವ ಗುಂಡಿ. ಅದನ್ನು ಹಾಕಿದರೆ ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಕಟ್ಟಿದ ಹಾಗೆ ಒಟ್ಟಿಗೇ ತಿರುಗುತ್ತವೆ. ಗಾಡಿ ನಿಲ್ಲಿಸಿ ಲಿವರನ್ನು ಇನ್ನೂ ಒಂದು ಹಂತ ಎಳೆದರೆ ಓಟ ನಡೆಯುವವನಿಗಿಂತ ನಿಧಾನ, ಆದರೆ ಎಳೆತ ಆನೆಯದು. ಕೆಸರು, ಹಳ್ಳ, ಕಡಿದಾದ ಮಣ್ಣಿನ ಏರು ಇದ್ದವರಿಗೆ ಬೇಕಾದದ್ದು ಅದು.

ಇಷ್ಟೆಲ್ಲ ಗೊತ್ತಿದ್ದೂ ಈ ಮೇ ತಿಂಗಳ ಕೊನೆಯ ಶನಿವಾರ ಅವಳು ಎರಡೂ ಒಂದೇ ಎಂದಿದ್ದಳು. ಅದೂ ಕನ್ನಡದಲ್ಲಿ.

ಆ ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿಕೊಂಡು ಗಂಡಹೆಂಡತಿ ಒಳಗೆ ಬಂದರು. ಗಂಡನಿಗೆ ಅರವತ್ತರ ಆಸುಪಾಸು, ಬಿಳಿಯ ಅರ್ಧ ತೋಳಿನ ಅಂಗಿ, ಫೋನಿನಲ್ಲಿ ತುಳುವಿನಲ್ಲಿ ಯಾರಿಗೋ ಸಾಂಬಾರು ನೀರಾದ ವಿಷಯಕ್ಕೆ ಬೈಗುಳ. ಹೆಂಡತಿ ಎರಡು ಹೆಜ್ಜೆ ಹಿಂದೆ, ಕೈಯಲ್ಲಿ ಮಡಚಿದ ಕೊಡೆ. ಮ್ಯಾನೇಜರ್ ಸಾವಂತ್ ನಾಗವೇಣಿಯ ಕಡೆ ಹುಬ್ಬು ಹಾರಿಸಿ, "ತುಮಚೀ ಮಾಣಸಂ ಆಲೀ, ಮ್ಯಾಡಮ್" ಎಂದ. ನಿಮ್ಮ ಜನ ಬಂದರು.

ಕನ್ನಡದವರು ಯಾರೇ ಬರಲಿ, ಉಡುಪಿ ಹೋಟೆಲಿನವರಿರಲಿ, ಕಲಬುರಗಿ ಕಡೆಯ ಕಾಂಟ್ರಾಕ್ಟರಿರಲಿ, ಅವರು ನಾಗವೇಣಿಯ ಪಾಲಿಗೆ. ಅಷ್ಟು ಹೇಳಿ ಸಾವಂತ್ ಸುಮ್ಮನಾಗಲಿಲ್ಲ. ಹತ್ತಿರ ಬಂದು, "ಯಾರ್ಡ್‌ವಾಲೀ ಗಾಡಿ" ಎಂದು ಪಿಸುಗುಟ್ಟಿ ಹೋದ. ಶೀಳ್ ಫಾಟಾದ ಯಾರ್ಡಿನಲ್ಲಿ ಎಂಟು ತಿಂಗಳಿಂದ ಒಂದು ಬೂದು ಬಣ್ಣದ ಆಲ್ ವೀಲ್ ಗಾಡಿ ಧೂಳು ತಿನ್ನುತ್ತಿತ್ತು. ಅದರ ಗಾಜಿನ ಮೇಲೆ ಯಾರೋ ಬೆರಳಿನಲ್ಲಿ 'ನನ್ನನ್ನು ತೊಳೆಯಿರಿ' ಎಂದು ಮರಾಠಿಯಲ್ಲಿ ಬರೆದಿದ್ದರು. ಪ್ರತಿ ತಿಂಗಳ ಮೀಟಿಂಗಿನಲ್ಲೂ ಸಾವಂತ್ ಅದರ ಫೋಟೋ ತೋರಿಸಿ, ಇದರ ಹುಟ್ಟುಹಬ್ಬಕ್ಕೆ ಕೇಕ್ ಯಾರು ತರುತ್ತೀರಿ ಎಂದು ಕೇಳುತ್ತಿದ್ದ.

"ನಮಸ್ಕಾರ ಸರ್, ನಾನು ನಾಗವೇಣಿ. ಬನ್ನಿ, ಕೂತ್ಕೊಳ್ಳಿ" ಎಂದಳು ನಾಗವೇಣಿ.

"ಓ, ಕನ್ನಡ! ಬಚಾವಾದೆ ಮಾರಾಯ್ರೆ" ಎಂದು ಅವರು ಫೋನು ಜೇಬಿಗೆ ಹಾಕಿದರು. "ಎದುರಿನ ಶೋರೂಮಿನಲ್ಲಿ ಒಬ್ಬ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಕೊರೆದ. ತಲೆ ಚಿಟ್ಟು ಹಿಡಿದುಹೋಯ್ತು. ನಾನು ಪುಂಡರೀಕಾಕ್ಷ. ಡೊಂಬಿವಲಿ ಸ್ಟೇಷನ್ ಹತ್ರ ನಮ್ಮ ಹೋಟ್ಲು. ಇವಳು ಪ್ರಿಯಂವದಾ. ಗಾಡಿ ಬೇಕಾದದ್ದು ಇವಳ ಹುಚ್ಚಿಗೆ."

ಆ ಹುಚ್ಚು ಏನೆಂದು ಅವರೇ ವಿವರಿಸಿದರು. ಮುರಬಾಡಿನ ಆಚೆ, ಘಾಟಿನ ಬುಡದಲ್ಲಿ ಪ್ರಿಯಂವದಾ ಒಂದು ತುಂಡು ಜಾಗ ಕೊಂಡಿದ್ದರು. ತಾಯಿಯ ಪಾಲಿನಿಂದ ಬಂದದ್ದರಲ್ಲಿ ಕೊಂಡದ್ದು. ಅಲ್ಲಿ ಎರಡು ಕೋಣೆ ಕಟ್ಟಿಕೊಂಡು ಊರಿನ ಮಲ್ಲಿಗೆ ಬೆಳೆಸುವುದು, ವಾರದಲ್ಲಿ ನಾಲ್ಕು ದಿನ ಅಲ್ಲಿರುವುದು.

"ಡೊಂಬಿವಲಿ ಸಾಕಂತೆ ಅವಳಿಗೆ. ಮಲ್ಲಿಗೆಯಂತೆ! ಸ್ಟೇಷನ್ ಮೆಟ್ಟಿಲ ಹತ್ರ ಹೂ ಸಿಗುದಿಲ್ವಾ ಕೇಳಿದೆ. ಈಗ ವಿಷಯ ಎಂತ ಅಂದ್ರೆ, ಜಾಗಕ್ಕೆ ಹೋಗ್ಲಿಕ್ಕೆ ಒಂದು ತೋಡು ದಾಟ್ಬೇಕು. ಸೇತುವೆ ಇಲ್ಲ. ಆಚೆ ಮಣ್ಣಿನ ಏರು, ಗೋಡೆ ಹತ್ತಿದ ಹಾಗೆ. ನಾನು ಇವಳಿಗೆ ಹೇಳಿ ಆಯ್ತು. ಈ ಜುಲೈಯಲ್ಲಿ ನಮ್ಮ ಗಾಡಿ ಹೋಗಿ ವಾಪಸ್ ಬಂದ್ರೆ ಮನೆ ಕಟ್ಟುವ. ಬರ್ಲಿಲ್ಲ ಅಂದ್ರೆ ಜಾಗ ಮಾರುವ, ಮತ್ತೆ ಆ ಸುದ್ದಿ ತೆಗೀಬಾರ್ದು. ಅಲ್ವನಾ?"

ಪ್ರಿಯಂವದಾ ತಲೆಯಾಡಿಸಿದರು. ಗಂಡ ಬಣ್ಣ ನೋಡುತ್ತಿರುವಾಗ ಅವರು ಪ್ರದರ್ಶನಕ್ಕೆ ಇಟ್ಟಿದ್ದ, ಯಾರ್ಡಿನದರದೇ ಮಾದರಿಯ ಗಾಡಿಯ ಸುತ್ತ ಒಂದು ಸುತ್ತು ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ಅದರ ಅಡಿ ನೋಡಿದರು. ಕಾರು ಕೊಳ್ಳಲು ಬಂದ ಹೆಂಗಸರು ಕನ್ನಡಿ ನೋಡುತ್ತಾರೆ, ಡಿಕ್ಕಿ ತೆಗೆದು ನೋಡುತ್ತಾರೆ, ಅಡಿ ನೋಡಿದವರನ್ನು ನಾಗವೇಣಿ ಈವರೆಗೆ ಕಂಡಿರಲಿಲ್ಲ. ಆಮೇಲೆ ಎಡಬದಿಯ ಬಾಗಿಲು ತೆರೆದು ಸೀಟಿನಲ್ಲಿ ಕೂತರು. ಅವರ ಬಲಗೈ ಎರಡು ಸೀಟುಗಳ ನಡುವೆ, ಗೇರಿನ ಹಿಂದಕ್ಕೆ ಇಳಿಯಿತು. ಅಲ್ಲೇ ಕೈ ಇಟ್ಟುಕೊಂಡು ಅವರು ನಾಗವೇಣಿಯ ಮುಖ ನೋಡಿದರು.

"ಅಲ್ಲಿ ಎರಡು ನೀರಿನ ಬಾಟಲಿ ಇಡಬಹುದು, ಅಕ್ಕ" ಎಂದಳು ನಾಗವೇಣಿ.

ಅವರು ಕೈ ತೆಗೆದರು. "ಹಿಂದೆ ಆಲ್ ವೀಲ್ ಅಂತ ಬರ್ದಿದೆ ಅಲ್ವಾ" ಎಂದು ಮೆಲ್ಲಗೆ ಕೇಳಿದರು. "ಇದು ಫೋರ್ ವೀಲೇ ಹೌದಾ?"

ನಾಗವೇಣಿ ಬಾಯಿ ತೆರೆಯುವ ಮೊದಲೇ ಪುಂಡರೀಕಾಕ್ಷರು ನಕ್ಕುಬಿಟ್ಟರು. "ಎಲ್ಲಾ ಚಕ್ರ ಅಂದ್ರೂ ನಾಲ್ಕೇ, ನಾಲ್ಕು ಚಕ್ರ ಅಂದ್ರೂ ನಾಲ್ಕೇ. ಐದನೇದು ಸ್ಟೆಪ್ನಿ. ಅದು ತಿರುಗುದಿಲ್ಲ ಮಾರಾಯ್ತಿ, ಹಿಂದೆ ಕೂತ್ಕೊಂಡು ಬರ್ತದೆ, ನಿನ್ನ ಹಾಗೆ." ಆಮೇಲೆ ಇವಳ ಕಡೆ ತಿರುಗಿ, "ಎರಡೂ ಒಂದೇ ಅಲ್ವಾ, ನಾಗವೇಣಿಯವ್ರೆ? ನೀವು ನಮ್ಮವ್ರು. ನೀವೇ ಹೇಳಿ, ಮತ್ತೆ ನಾನು ಯಾರನ್ನೂ ಕೇಳುದಿಲ್ಲ."

ನಿಜ ಹೇಳಿದ್ದರೆ ಅವರು ರಸ್ತೆ ದಾಟಿ ಎದುರಿನ ಶೋರೂಮಿಗೇ ವಾಪಸು ಹೋಗಬೇಕಿತ್ತು. ಸಣ್ಣ ಲಿವರಿನ ಗಾಡಿ ಇವಳ ಕಂಪನಿಯಲ್ಲಿ ಇರಲೇ ಇಲ್ಲ. ಗಾಜಿನ ಕೋಣೆಯೊಳಗಿಂದ ಸಾವಂತ್ ನೋಡುತ್ತಿದ್ದ. ಅದೊಂದೇ ಆಗಿದ್ದರೆ ನಾಗವೇಣಿ ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಿದ್ದಳೇನೋ. ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಇನ್ನೊಂದು ಮಾತು ಹಾದುಹೋಗಿತ್ತು. ಇವರೆಲ್ಲ ಹೋಗಿ ಕೆಸರಿನಲ್ಲಿ ಇರುವವರೇ? ಎರಡು ಭಾನುವಾರ ಛತ್ರಿ ಹಿಡಿದು ಹೋಗಿ ಬಂದು ಮೂರನೆಯ ವಾರಕ್ಕೆ ಮರೆಯುತ್ತಾರೆ. ನಿಜವಾಗಿ ಬೇಕಾದವಳು ಹೀಗೆ ಮೆಲ್ಲಗೆ ಕೇಳುವುದಿಲ್ಲ.

ಹದಿನೈದು ವರ್ಷದ ಹಿಂದೆ ನಾಗವೇಣಿ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಹೊರಟು ಬಂದವಳು. ದಿವಾ ಸ್ಟೇಷನ್ ಹತ್ತಿರದ ಆ ಒಂದು ಕೋಣೆಯ ಬಾಗಿಲು ಎಳೆದುಕೊಂಡ ಸದ್ದು ಇಡೀ ವಠಾರಕ್ಕೆ ಕೇಳಿತ್ತು. ಹಾಗೆ ಎಳೆಯಲಾರದ ಹೆಂಗಸರ ಬಗ್ಗೆ ಅವಳಿಗೆ ಒಂದು ಸಣ್ಣ ತಾತ್ಸಾರ ಇತ್ತು. ಅದು ತಾತ್ಸಾರವೆಂದು ಆಗ ಅವಳಿಗೇ ಗೊತ್ತಿರಲಿಲ್ಲ.

"ಒಂದೇ ಸರ್" ಎಂದಳು. "ಇದು ಹೊಸ ಕಾಲದ್ದು, ಅಷ್ಟೇ. ಲಿವರ್ ಎಳೆಯೋ ರಗಳೆ ಇಲ್ಲ. ಎಲ್ಲ ಗಾಡೀನೇ ನೋಡಿಕೊಳ್ತದೆ."

"ಕೇಳಿದ್ಯಾ?" ಎಂದರು ಪುಂಡರೀಕಾಕ್ಷರು ಹೆಂಡತಿಗೆ.

ಪ್ರಿಯಂವದಾ ಕೊಡೆಯ ಗುಂಡಿ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ವಾರದೊಳಗೆ ಯಾರ್ಡಿನ ಗಾಡಿ ಹೊರಟಿತು. ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಥರ್ಮೋಕೋಲಿನ ದೊಡ್ಡ ಬೀಗದಕೈ ಹಿಡಿದು ಫೋಟೋ ತೆಗೆಸಿಕೊಂಡರು. ಮರುದಿನ ಹೋಟೆಲಿನಿಂದ ಇಡೀ ಶೋರೂಮಿಗೆ ಇಡ್ಲಿ ವಡೆ ಬಂತು. ಮೀಟಿಂಗಿನಲ್ಲಿ ಸಾವಂತ್ ಎಲ್ಲರ ಕೈಯಲ್ಲೂ ನಾಗವೇಣಿಗೆ ಚಪ್ಪಾಳೆ ತಟ್ಟಿಸಿದ.

ಜುಲೈಯಲ್ಲಿ ಮಳೆ ಹಿಡಿಯಿತು. ನಾಗವೇಣಿಯ ಮನೆಯಿದ್ದ ಶಹಾಡ್‌ನಿಂದ ಥಾಣೆಗೆ ಹೋಗುವ ಲೋಕಲ್ ದಿನವೂ ತಡ. ಹೆಂಗಸರ ಡಬ್ಬಿಯಲ್ಲಿ ನೇತಾಡಿಕೊಂಡು ಹೋಗುವಾಗ ಕಲ್ಯಾಣದ ಆಚೆಯ ಬೆಟ್ಟದ ಮೇಲೆ ಮೋಡ ಕಂಡರೆ ನಾಗವೇಣಿಗೆ ಆ ತೋಡು ನೆನಪಾಗುತ್ತಿತ್ತು. ಫೋನು ಮಾಡಬೇಕು ಅಂದುಕೊಂಡಳು. ಸರ್, ಜಾಸ್ತಿ ನೀರಿದ್ದರೆ ಇಳಿಸಬೇಡಿ, ಏರಿಗೆ ಸುರಿಯಲು ಜಲ್ಲಿ ಹಾಕಿಸಿಕೊಳ್ಳಿ, ಇಷ್ಟಾದರೂ ಹೇಳಬಹುದು. ಹೇಳಿದರೆ, ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಂಬರು ತೆಗೆದು ಎರಡು ಸಲ ನೋಡಿ ಫೋನು ಪರ್ಸಿಗೆ ಹಾಕಿದಳು.

ಮೂರನೆಯ ವಾರ ಗಾಡಿ ಸರ್ವಿಸಿಗೆ ಬಂತು. ಬಾಗಿಲಿನ ಅರ್ಧಕ್ಕೆ ಕೆಸರು ಒಣಗಿ ಅಂಟಿತ್ತು. ಮುಂದಿನ ಬಂಪರ್ ಒಂದು ಬದಿ ಜೋತುಬಿದ್ದಿತ್ತು. ಮೆಕ್ಯಾನಿಕ್ ತಾರಾನಾಥ, ಅವನೂ ಮಂಗಳೂರು ಕಡೆಯವನು, ಅಡಿಯಿಂದ ಹೊರಗೆ ಬಂದು ಕೈ ಒರೆಸಿಕೊಂಡ.

"ಯಾರು ಮಾರಾಯ್ತಿ ಇದನ್ನು ಹೊಳೆಗೆ ಇಳಿಸಿದ್ದು? ಏರಿನಲ್ಲಿ ಚಕ್ರ ಸುತ್ತಿಸಿ ಸುತ್ತಿಸಿ ಹಿಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್ಚು ಬಿಸಿಯಾಗಿ ಬಿಟ್ಟುಕೊಂಡಿದೆ. ಅದು ಬಿಟ್ಟ ಮೇಲೆ ಇದು ಬರೀ ಮುಂದಿನ ಎರಡು ಚಕ್ರದ ಗಾಡಿ. ಮಾಲ್‌ಗೆ ಹೋಗುವ ಗಾಡಿಯನ್ನು ಜೀಪು ಅಂತ ತಿಳ್ಕೊಂಡಿದ್ದಾರೆ. ಅವರಿಗೆ ಯಾರೂ ಹೇಳ್ಳಿಲ್ವಾ?"

ನಾಗವೇಣಿ ಮೆಟ್ಟಿಲು ಹತ್ತಿ ಮೇಲೆ ಹೋದಳು. ಬೈಗುಳಕ್ಕೆ ಸಿದ್ಧಳಾಗಿ ಇಡೀ ವಾರ ಕಾದಳು. ಬೈಯಲಿ, ಮೇಲಿನವರಿಗೆ ಕಂಪ್ಲೇಂಟ್ ಬರೆಯಲಿ, ಆಗ ನಿಜ ಹೇಳಿಯೇಬಿಡುತ್ತೇನೆ ಎಂದು ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸಿಕೊಂಡಿದ್ದಳು.

ಪುಂಡರೀಕಾಕ್ಷರು ಗಾಡಿ ಒಯ್ಯಲು ಬಂದಾಗ ಅವರ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಇತ್ತು.

"ತಗೊಳ್ಳಿ, ಬಾಯಿ ಸಿಹಿ ಮಾಡಿ. ಗಾಡಿ ಮಾತ್ರ ಬೆಣ್ಣೆ ಮಾರಾಯ್ರೆ! ನಾಸಿಕ್ ಹೈವೇಯಲ್ಲಿ ಕೂತದ್ದೇ ಗೊತ್ತಾಗುದಿಲ್ಲ."

"ಸರ್, ಅದು... ಜಾಗಕ್ಕೆ ಹೋಗಿದ್ರಿ?"

"ಅದನ್ನು ಹೇಳ್ಬೇಡಿ! ತೋಡು ದಾಟಿದೆ, ನೀರು ಅಷ್ಟಿರಲಿಲ್ಲ. ಏರು ಅರ್ಧ ಹತ್ತಿದ್ದು, ಎಂತದೋ ಒಂದು ದೀಪ ಹೊತ್ತಿತು, ಮತ್ತೆ ಜಾರಿತು ನೋಡಿ, ಅಡ್ಡಡ್ಡ, ಸೀದಾ ನೀರಿಗೆ. ಟ್ರ್ಯಾಕ್ಟರ್ ಬರ್ಬೇಕಾಯ್ತು. ಊರವರೆಲ್ಲ ದಡದಲ್ಲಿ ನಿಂತು ನಗ್ತಿದ್ರು, ಜಾತ್ರೆ ಹಾಗೆ. ನಾನು ಹೇಳಿದೆ ಇವಳಿಗೆ, ಫೋರ್ ವೀಲ್ ಗಾಡಿಯೇ ಹತ್ತದ ಜಾಗ ಅಂದ್ರೆ ಅದು ಮನುಷ್ಯರಿಗೆ ಅಲ್ಲ ಅಂತ."

"ಅಕ್ಕ ಏನಂದ್ರು?"

"ಅವಳು ಎಂತ ಹೇಳ್ತಾಳೆ? ಮೊಣಕಾಲು ಕೆಸರಿನಲ್ಲಿ ನಿಂತು ಚಕ್ರ ನೋಡ್ತಾ ಇದ್ಲು. ಮಾತು ಮಾತೇ. ಕಲ್ಯಾಣದ ಬಿಲ್ಡರ್ ಒಬ್ಬ ಮೊದಲೇ ಕೇಳಿಟ್ಟಿದ್ದ, ಅವನಿಗೆ ಕೊಟ್ಟೆವು ಜಾಗ. ರಿಜಿಸ್ಟ್ರಿ ಮೊನ್ನೆ ಆಯ್ತು. ಅವಳೇ ಸಹಿ ಹಾಕಿದ್ಲು, ಚಕಾರ ಇಲ್ಲ. ಪಾಪ, ಹಟ ಇಲ್ಲ ಅವಳಿಗೆ." ಅವರು ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು. "ಒಂದು ಲೆಕ್ಕದಲ್ಲಿ ನಿಮ್ಮಿಂದಲೇ ನನ್ನ ತಲೆಬಿಸಿ ಮುಗೀತು. ತಿನ್ನಿ, ತಿನ್ನಿ."

ನಾಗವೇಣಿ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಈಗ ಹೊಂದುವಂತಿರಲಿಲ್ಲ. ಮೈಸೂರುಪಾಕು ತಿಂದಳು. ಒಳ್ಳೆಯ ತುಪ್ಪದ್ದು.

ಮನೆಯಲ್ಲಿ ತಾಯಿ ಸಾಬವ್ವ ಮೂರು ದಿನ ನೋಡಿದಳು. ಇಂಡಿ ತಾಲೂಕಿನಿಂದ ಗಂಡನ ಜೊತೆ ಬಂದು ಶಹಾಡ್‌ನ ಕಾರ್ಖಾನೆಯ ಹೊರಗೆ ಗೋಣಿಚೀಲ ಹೊಲಿದು ಮಗಳನ್ನು ಓದಿಸಿದ ಹೆಂಗಸು. ನಾಲ್ಕನೆಯ ದಿನ ತಾಟು ಮುಂದೆ ತಳ್ಳಿ ಕೇಳಿದಳು.

"ಏನಾಗ್ಯದ ಬೇ ನಿನಗ? ರೊಟ್ಟಿ ಮುರೀತಿ, ತಿನ್ನಂಗಿಲ್ಲ. ಕೋಳಿಗೆ ಹಾಕಬೇಕೇನ?"

ನಾಗವೇಣಿ ಹೇಳಿದಳು. ಸಾಬವ್ವನಿಗೆ ಗಾಡಿಯ ಸಂಗತಿ ಪೂರ್ತಿ ತಿಳಿಯಲಿಲ್ಲ, ಉಳಿದದ್ದು ತಿಳಿಯಿತು.

"ಆಕಿ ಕೇಳಿದಳೋ ಇಲ್ಲೋ ನಿನಗ?"

"ಕೇಳಿದಳವ್ವ."

"ಕೇಳಿದ ಮ್ಯಾಗೂ ಸುಳ್ಳ ಹೇಳಿದಿ. ಹೋಗಿ ಆಕಿ ಮುಂದ ಒಪ್ಪಿಕೊಂಡು ಬಾ. ಬೈದರ ಬೈಸಿಕೊ. ಹೊಟ್ಯಾಗ ಇಟಗೊಂಡು ನನ್ನ ರೊಟ್ಟಿ ಯಾಕ ಹಾಳ ಮಾಡತಿ?"

ಮಂಗಳವಾರ ನಾಗವೇಣಿಗೆ ರಜೆ. ಗಾಡಿ ಬುಕಿಂಗಿನ ಫಾರ್ಮಿನಲ್ಲಿದ್ದ ವಿಳಾಸ ಹಿಡಿದು, ಪುಂಡರೀಕಾಕ್ಷರು ಹೋಟೆಲಿನಲ್ಲಿರುವ ಹೊತ್ತು ನೋಡಿ, ಡೊಂಬಿವಲಿ ಪೂರ್ವದ ಆ ಸೊಸೈಟಿಯ ಮೂರನೆಯ ಮಹಡಿ ಹತ್ತಿದಳು. ಪ್ರಿಯಂವದಾ ಬಾಗಿಲು ತೆರೆದು ಒಂದು ಕ್ಷಣ ಗುರುತು ಹಿಡಿಯದೆ ನಿಂತರು. ಆಮೇಲೆ, "ಓ, ಶೋರೂಮಿನವ್ರು. ಬನ್ನಿ, ಒಳಗೆ ಬನ್ನಿ" ಎಂದರು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಗೋಳಿಬಜೆಗೆ ಹಿಟ್ಟು ಕಲಸಿಟ್ಟಿದ್ದರು, ಎಣ್ಣೆ ಕಾಯಲು ಇಟ್ಟರು.

ಬಾಲ್ಕನಿಯಲ್ಲಿ ಹೋಟೆಲಿನ ಖಾಲಿ ಎಣ್ಣೆಡಬ್ಬಗಳು ಸಾಲಾಗಿ ನಿಂತಿದ್ದವು, ಹದಿನಾಲ್ಕೋ ಹದಿನೈದೋ. ಪ್ರತಿಯೊಂದರಲ್ಲೂ ಒಂದೊಂದು ಮಲ್ಲಿಗೆಯ ಗಿಡ. ಗ್ರಿಲ್ಲಿನ ಆಚೆ ಮುಂದಿನ ಕಟ್ಟಡದ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಗಿಡಗಳು ಬೆಳಕಿಗಾಗಿ ಸಣಕಲಾಗಿ ಉದ್ದ ಎದ್ದು ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ಊರಿಂದ ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದದ್ದು ಎಂದರು ಪ್ರಿಯಂವದಾ. ಆ ಜಾಗದಲ್ಲಿ ನೆಡಲಿಕ್ಕೆ ಎಂದು.

"ಅಕ್ಕ" ಎಂದಳು ನಾಗವೇಣಿ ಅಡುಗೆಮನೆಯ ಬಾಗಿಲಲ್ಲೇ ನಿಂತು. "ಅವತ್ತು ನಾನು ಹೇಳಿದ್ದು ಸುಳ್ಳು. ಎರಡೂ ಒಂದಲ್ಲ. ನನಗೆ ಗೊತ್ತಿತ್ತು."

ಪ್ರಿಯಂವದಾ ಬಾಣಲೆಗೆ ಹಿಟ್ಟು ಬಿಡುತ್ತಿದ್ದರು. ಕೈ ನಿಲ್ಲಲಿಲ್ಲ.

"ನಂಗೂ ಗೊತ್ತಿತ್ತು" ಎಂದರು.

ಎಣ್ಣೆಯಲ್ಲಿ ಬಜೆಗಳು ತಿರುಗಿಕೊಂಡವು. ಅವುಗಳನ್ನೇ ನೋಡುತ್ತ ಅವರು ಮಾತಾಡಿದರು.

"ಕಾರ್ಕಳದ ಹತ್ರ ನಮ್ಮ ಅಪ್ಪನದ್ದು ಕೆಂಪುಕಲ್ಲು ಕಡಿಯುವ ಕೋರೆ ಇತ್ತು. ಒಂದು ಹಳೇ ಜೀಪು. ಅಪ್ಪನ ಎಡಗೈಗೆ ಕಲ್ಲು ಬಿದ್ದು ಎರಡು ಬೆರಳು ಹೋಗಿತ್ತು. ದೊಡ್ಡ ಗೇರು ಹೇಗೋ ಹಾಕ್ತಿದ್ರು. ಅದರ ಪಕ್ಕದ್ದು ಭಾರೀ ಬಿಗಿ, ಅದಕ್ಕೆ ನಾವು ಸಣ್ಣ ಗೇರು ಅಂತಿದ್ದದ್ದು. ಅದು ನನ್ನ ಕೆಲಸ. ಕೋರೆಯಿಂದ ಮೇಲೆ ಹತ್ತುವಾಗ ಅಪ್ಪ ಜೀಪು ನಿಲ್ಸಿ, 'ಪ್ರಿಯಾ, ಎಳಿ' ಅಂದ್ರೆ ನಾನು ಎರಡೂ ಕೈ ಹಾಕಿ ಎಳೀತಿದ್ದೆ. ಹತ್ತು ವರ್ಷ ಇರ್ಬಹುದು ನಂಗೆ. ಜೀಪು ಒಮ್ಮೆ ನಡುಗ್ತದೆ, ಮತ್ತೆ ಹತ್ತುದೇ. ನಾನೇ ಹತ್ತಿಸಿದೆ ಅಂತ ಇಡೀ ಶಾಲೆಗೆ ಹೇಳ್ತಿದ್ದೆ." ಸ್ವಲ್ಪ ನಕ್ಕರು. "ಮಳೆ ಮುಗಿದ ಮೇಲೂ ತಿಂಗಳಿಗೊಮ್ಮೆ ಎಳೆಸ್ತಿದ್ರು ಅಪ್ಪ. ಸುಮ್ನೆ ಬಿಟ್ರೆ ಹಿಡ್ಕೊಳ್ತದೆ ಅಂತ."

"ಮತ್ತೆ ಅವತ್ತು ಯಾಕೆ ಸುಮ್ಮನಿದ್ರಿ ಅಕ್ಕ? ನೀವೇ ಹೇಳಬಹುದಿತ್ತಲ್ಲ?"

ಕೇಳಿದ ಮೇಲೆ ನಾಗವೇಣಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಒಪ್ಪಿಕೊಳ್ಳಲು ಬಂದವಳು ಅರ್ಧ ತಪ್ಪನ್ನು ಅವರ ತಲೆಗೆ ಹೊರಿಸುತ್ತಿದ್ದಳು.

ಪ್ರಿಯಂವದಾ ಬೇಸರಿಸಲಿಲ್ಲ. "ನಾನು ಹೇಳಿದ್ರೆ 'ನಿಂಗೆಂತ ಗೊತ್ತು' ಅಂತಾರೆ. ಮೂವತ್ತೆರಡು ವರ್ಷ ಆಯ್ತು, ಅವರಿಗೆ ಅದು ಬೈಗುಳ ಅಂತಲೂ ಗೊತ್ತಿಲ್ಲ. ಆದ್ರೆ ಹೊರಗಿನವ್ರು ಹೇಳಿದ್ರೆ ಕೇಳ್ತಾರೆ. ಅದಕ್ಕೇ ನಾನೇ ಶೋರೂಮಿಗೆ ಹೋಗುವ ಅಂದದ್ದು. ಎದುರಿನವ ಸರಿಯಾಗಿಯೇ ಹೇಳಿದ, ಇಂಗ್ಲಿಷಿನಲ್ಲಿ. ಇವರಿಗೆ ಅರ್ಥ ಆಗ್ಲಿಲ್ಲ, ಅರ್ಥ ಆಗದ್ದಕ್ಕೆ ಸಿಟ್ಟು ಬಂತು. ನಿಮ್ಮಲ್ಲಿಗೆ ಬಂದಾಗ ನೀವು ಕನ್ನಡ ಮಾತಾಡಿದ್ರಿ. ನಂಗೆ ಜೀವ ಬಂದ ಹಾಗೆ ಆಯ್ತು. ಇನ್ನು ನೀವು ಹೇಳ್ತೀರಿ, ಇವರು ಕೇಳ್ತಾರೆ ಅಂತ. ಸಣ್ಣ ಗೇರು ಇರ್ಬೇಕಾದಲ್ಲಿ ಕೈ ಇಟ್ಟು ನಿಮ್ಮ ಮುಖ ನೋಡಿದೆ. ಹೆಂಗ್ಸಲ್ವಾ, ಗೊತ್ತಾಗ್ತದೆ ಅಂದ್ಕೊಂಡೆ."

ಬಜೆ ತೆಗೆದು ಕಾಗದದ ಮೇಲೆ ಹಾಕಿದರು.

"ನೀವು ನೀರಿನ ಬಾಟಲಿ ಇಡಬಹುದು ಅಂದ್ರಿ."

ಅವರ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ನಾಗವೇಣಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ನಾನು ಸರ್‌ಗೆ ಹೇಳ್ತೀನಿ. ಇವತ್ತೇ ಹೋಟೆಲಿಗೆ ಹೋಗಿ ಹೇಳ್ತೀನಿ. ಗಾಡಿ ತಪ್ಪು, ಜಾಗದ್ದು ತಪ್ಪಲ್ಲ ಅಂತ."

"ಈಗ ಎಂತಕ್ಕೆ? ಅಲ್ಲಿ ಬೇಲಿ ಹಾಕಿ ಆಯ್ತಂತೆ." ಪ್ರಿಯಂವದಾ ಒಲೆ ಆರಿಸಿದರು. "ಅವರಿಗೆ ಆ ಗಾಡಿ ಅಂದ್ರೆ ಪ್ರಾಣ. ಬೆಳಿಗ್ಗೆ ಹೋಗಿ ಒರೆಸ್ತಾರೆ. ಅದೊಂದು ಖುಷಿಯಾದ್ರೂ ಇರ್ಲಿ ಮನೆಯಲ್ಲಿ. ಹೇಳ್ಬೇಡಿ, ಹಾಂ?"

ಹೇಳುವುದಿಲ್ಲ ಎಂದು ಮಾತು ಕೊಡಬೇಕಾಯಿತು. ಒಂದು ಸಲ ಹೇಳದೆ ಇದ್ದವಳಿಗೆ ಈಗ ಹೇಳದೆ ಇರುವುದೇ ಕೆಲಸವಾಯಿತು. ಮನೆಗೆ ಎಂದು ಪ್ರಿಯಂವದಾ ಬಿಸಿ ಬಜೆಯನ್ನು ಡಬ್ಬಿಗೆ ತುಂಬಿ ಕೊಟ್ಟರು. ಮಲ್ಲಿಗೆ ಗಿಡ ಬೇಕಾ, ನಿಮ್ಮಲ್ಲಿ ಬಿಸಿಲು ಬರ್ತದಾ ಎಂದೂ ಕೇಳಿದರು. ಶಹಾಡ್‌ನ ಮನೆಯ ಮುಂದೆ ಬೇಕಾದಷ್ಟು ಬಿಸಿಲಿತ್ತು. ನಾಗವೇಣಿ ಬಿಸಿಲು ಬರುವುದಿಲ್ಲ ಎಂದಳು. ತೆಗೆದುಕೊಂಡು ಹೋಗುವ ಮುಖ ಅವಳಿಗಿರಲಿಲ್ಲ.

ಕೆಳಗೆ ಪಾರ್ಕಿಂಗಿನಲ್ಲಿ ಬೂದು ಗಾಡಿ ನಿಂತಿತ್ತು. ಕೆಸರಿನ ಒಂದು ಗುರುತೂ ಇರಲಿಲ್ಲ. ನೋಡಬಾರದು ಅಂದುಕೊಂಡೇ ಅವಳು ಎಡಬದಿಯ ಗಾಜಿಗೆ ಹಣೆ ಒತ್ತಿದಳು. ಎರಡು ಸೀಟುಗಳ ನಡುವೆ, ಅವತ್ತು ಆ ಕೈ ಇಳಿದಿದ್ದಲ್ಲಿ, ಎರಡು ನೀರಿನ ಬಾಟಲಿಗಳು ನೆಟ್ಟಗೆ ನಿಂತಿದ್ದವು. ಡ್ರೈವರ್ ಬದಿಯದು ಅರ್ಧ ಖಾಲಿ. ಎಡಬದಿಯದರ ಮುಚ್ಚಳದ ಸೀಲು ಇನ್ನೂ ಒಡೆದಿರಲಿಲ್ಲ.